ವೋಲ್ಟೇಜ್, ಆಂಪ್ಸ್ ಎರಡೂ ಅಳೆದೆ. ರೆಸಿಸ್ಟೆನ್ಸ್‌ಗೆ ಎರಡು ಉತ್ತರ ಬರುತ್ತಿದೆ, ಯಾವುದು ಸರಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಕುಮಟಾ ಹತ್ತಿರ ಮನೆ. ನೀರು ಕಾಯಿಸುವ ರಾಡ್ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿದೆ. ಸಂಜೆ ರಾಡ್ ಹಾಕಿದಾಗ ಸಾಕೆಟ್‌ನಲ್ಲಿ 190 ವೋಲ್ಟ್, ತಂತಿಯ ಸುತ್ತ ಹಿಡಿದು ಆಂಪ್ಸ್ ಅಳೆಯುವ ಕ್ಲಾಂಪ್ ಮೀಟರ್‌ನಲ್ಲಿ 5.4 ಆಂಪ್ಸ್. ರಾಡ್ ಆಫ್ ಮಾಡಿದರೆ ವೋಲ್ಟೇಜ್ 204ಕ್ಕೆ ಏರುತ್ತದೆ. ವೋಲ್ಟೇಜನ್ನು ಆಂಪ್ಸ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯುವುದಕ್ಕೆ ಇರುವ ತಡೆ, 35 ಓಮ್. 1500 ವ್ಯಾಟನ್ನು ಆಂಪ್ಸ್‌ನ ವರ್ಗದಿಂದ ಭಾಗಿಸಿದರೆ 51 ಓಮ್.

35 ಸರಿ. ಎರಡೂ ಸೂತ್ರಗಳಲ್ಲಿ ತಪ್ಪಿಲ್ಲ. ಆದರೆ ಎರಡನೆಯದರಲ್ಲಿ ನೀವು 1500 ಎಂಬುದನ್ನು ರಾಡ್ ಮೇಲಿಂದ ತೆಗೆದುಕೊಂಡಿದ್ದೀರಿ, 5.4 ಎಂಬುದನ್ನು ಮೀಟರ್‌ನಿಂದ. ಆ 1500 ವ್ಯಾಟ್ ಬರುವುದು 230 ವೋಲ್ಟ್ ಸಿಕ್ಕಾಗ ಮಾತ್ರ. ನಿಮಗೆ ಸಿಕ್ಕಿದ್ದು 190. ವೋಲ್ಟ್, ಆಂಪ್ಸ್, ವ್ಯಾಟ್ ಮೂರೂ ಒಂದೇ ಹೊತ್ತಿನವು ಆಗಿರಬೇಕು. ಲೆಕ್ಕ ತಾಳೆಯಾಗದೆ ಒದ್ದಾಡುವವರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ.

ಬೇಕಿದ್ದರೆ ತಾಳೆ ನೋಡಿ. 1500ನ್ನು 230ರಿಂದ ಭಾಗಿಸಿದರೆ 6.52 ಆಂಪ್ಸ್. 230ನ್ನು 6.52ರಿಂದ ಭಾಗಿಸಿದರೆ 35.3 ಓಮ್. ಮೀಟರ್ ಹೇಳಿದ್ದೂ ಅದೇ, ಅಲ್ವಾ? ನಿಮ್ಮ ರಾಡ್ ಆರೋಗ್ಯವಾಗಿಯೇ ಇದೆ.

ಇನ್ನು ಪವರ್. 190 ಗುಣಿಸು 5.4, ಅಂದರೆ 1026 ವ್ಯಾಟ್. ವೋಲ್ಟೇಜ್ ಕಡಿಮೆಯಾಗಿದ್ದು ನೂರಕ್ಕೆ 17ರಷ್ಟು, ಪವರ್ ಮಾತ್ರ ನೂರಕ್ಕೆ 32ರಷ್ಟು ಕುಸಿಯಿತು. ವೋಲ್ಟ್ ಇಳಿದರೆ ಆಂಪ್ಸ್ ಕೂಡ ಅದರ ಜೊತೆ ಇಳಿಯುತ್ತದೆ, ಹಾಗಾಗಿ ಪೆಟ್ಟು ಎರಡು ಸಲ ಬೀಳುತ್ತದೆ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ತರಲು 1500 ವ್ಯಾಟ್‌ನಲ್ಲಿ ಸುಮಾರು 19 ನಿಮಿಷ ಸಾಕು. ನಿಮಗೆ 27 ನಿಮಿಷ ಬೇಕು. ಪವರ್ ಕಡಿಮೆ ಎಂದು ಬಿಲ್ ಉಳಿಯುವುದಿಲ್ಲ. ಎರಡರಲ್ಲೂ ಹೆಚ್ಚುಕಡಿಮೆ ಅರ್ಧ ಯೂನಿಟ್ ಹೋಗುತ್ತದೆ, ನೀವು ಕಾಯುವುದು ಜಾಸ್ತಿ ಅಷ್ಟೇ.

ಈ ಲೆಕ್ಕವನ್ನು ಎಲ್ಲದಕ್ಕೂ ಹಾಕಬೇಡಿ. ರಾಡ್, ಇಸ್ತ್ರಿ ಪೆಟ್ಟಿಗೆಗೆ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅವುಗಳ ಕಾಯಿಲ್ ಬಿಸಿಯಾದರೂ ರೆಸಿಸ್ಟೆನ್ಸ್ ಅಷ್ಟಾಗಿ ಬದಲಾಗುವುದಿಲ್ಲ. ಹಳೆಯ 60 ವ್ಯಾಟ್ ಬಲ್ಬು ಉರಿಯುವಾಗ 880 ಓಮ್ ಇರುತ್ತದೆ. ತಣ್ಣಗಿದ್ದಾಗ ಅಳೆದರೆ ಅದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ತೋರಿಸುತ್ತದೆ.

ಮೋಟಾರ್ ಕಥೆಯೇ ಬೇರೆ. ನಾನು ಶಿರಸಿಯಲ್ಲಿ ಪಂಪ್‌ಸೆಟ್ ವೈಂಡಿಂಗ್ (ಮೋಟಾರಿನೊಳಗಿನ ತಂತಿ ಸುತ್ತುವ) ಕೆಲಸ ಮಾಡುವವನು, ಆದ್ದರಿಂದ ಇದನ್ನು ಹೇಳದೆ ಬಿಡಲಾರೆ. ಮೋಟಾರಿನಲ್ಲಿ ವೋಲ್ಟ್ ಗುಣಿಸು ಆಂಪ್ಸ್ ಮಾಡಿದರೆ ನಿಜವಾದ ವ್ಯಾಟ್ ಸಿಗುವುದಿಲ್ಲ, ಅದನ್ನು ಪವರ್ ಫ್ಯಾಕ್ಟರ್‌ನಿಂದ, ಅಂದರೆ ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲಿನಿಂದ, ಮತ್ತೆ ಗುಣಿಸಬೇಕು. 230 ವೋಲ್ಟ್, 7 ಆಂಪ್ಸ್ ಇದ್ದು ಪವರ್ ಫ್ಯಾಕ್ಟರ್ 0.75 ಆದರೆ ಸುಮಾರು 1200 ವ್ಯಾಟ್, 1610 ಅಲ್ಲ. ಇನ್ನೊಂದು ಮಾತು. ಲೋಡ್ ಮೇಲಿರುವ ಪಂಪಿಗೆ ವೋಲ್ಟೇಜ್ ಇಳಿದರೆ ಆಂಪ್ಸ್ ಇಳಿಯುವುದಿಲ್ಲ, ಏರುತ್ತದೆ. ಬೇಸಿಗೆಯಲ್ಲಿ ಇಡೀ ಊರಿನ ಅಡಿಕೆ ತೋಟಗಳಿಗೆ ಒಟ್ಟಿಗೆ ನೀರು ಬಿಡುವಾಗ ವೈಂಡಿಂಗ್ ಸುಟ್ಟುಹೋಗುವುದು ಹೆಚ್ಚಾಗಿ ಇದರಿಂದಲೇ. 190 ವೋಲ್ಟ್‌ನಲ್ಲಿ ರಾಡ್ ಹಾಕಿದರೆ ತೊಂದರೆ ಇಲ್ಲ. ಪಂಪ್ ಹಾಕಬೇಡಿ.

ಈಗ ನೀವು ಕೇಳದೇ ಇರುವ ವಿಷಯ. ಅದು ನನಗೆ ರಾಡ್‌ಗಿಂತ ಮುಖ್ಯವಾಗಿ ಕಾಣುತ್ತಿದೆ. ರಾಡ್ ಹಾಕಿದ ಕೂಡಲೇ 204 ಇದ್ದದ್ದು 190 ಆಗುತ್ತದೆ. ಆ 14 ವೋಲ್ಟ್ ದಾರಿಯಲ್ಲಿ ಹೋಯಿತು. 14ನ್ನು 5.4ರಿಂದ ಭಾಗಿಸಿದರೆ 2.6 ಓಮ್, ಇದು ಟ್ರಾನ್ಸ್‌ಫಾರ್ಮರ್‌ನಿಂದ ನಿಮ್ಮ ಸಾಕೆಟ್ ತನಕದ ತಂತಿಯ ರೆಸಿಸ್ಟೆನ್ಸ್. 14 ಗುಣಿಸು 5.4 ಅಂದರೆ 76 ವ್ಯಾಟ್, ಅಷ್ಟು ಶಾಖ ತಂತಿಯಲ್ಲೇ ಹೋಗುತ್ತಿದೆ. ಉದ್ದದ ಲೈನಿನಲ್ಲಿ ಹಂಚಿಹೋದರೆ ಚಿಂತೆಯಿಲ್ಲ. ಒಂದೇ ಜಾಯಿಂಟಿನಲ್ಲಿ ಕೂತಿದ್ದರೆ ಅದು ಕರಗುತ್ತದೆ, ಬೆಂಕಿಯೂ ಹತ್ತಬಹುದು. ಕಾರವಾರ, ಕುಮಟಾ ಕಡೆ ಉಪ್ಪುಗಾಳಿಗೆ ತಾಮ್ರದ ತುದಿ ಹಸಿರು ಕಟ್ಟುತ್ತದೆ. ಸ್ಕ್ರೂ ತುಕ್ಕು ಹಿಡಿದು ಸಡಿಲವಾಗುತ್ತದೆ.

ಕಂಡುಹಿಡಿಯುವುದು ಸುಲಭ. ರಾಡ್ ಬಕೆಟ್‌ನಲ್ಲಿ ಉರಿಯುತ್ತಿರುವಾಗಲೇ ಮೀಟರ್ ಬೋರ್ಡ್ ಹತ್ತಿರ ಒಮ್ಮೆ, ಸಾಕೆಟ್‌ನಲ್ಲಿ ಒಮ್ಮೆ ವೋಲ್ಟೇಜ್ ನೋಡಿ. ಆಗ ನೀರಿಗೆ ಕೈ ಹಾಕಬೇಡಿ. ಬೋರ್ಡ್‌ನಲ್ಲಿ ಅಳೆದು ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. 1.5 ಚದರ ಮಿ.ಮೀ. ತಾಮ್ರದ ವೈರ್ 15 ಮೀಟರ್ ದೂರ ಹೋಗಿದ್ದರೆ, ಹೋಗಿ ಬರುವ ತಂತಿ ಸೇರಿ ಸುಮಾರು 0.35 ಓಮ್. ನಿಮ್ಮ 5.4 ಆಂಪ್ಸ್‌ಗೆ 2 ವೋಲ್ಟ್ ಬೀಳಬೇಕು, ಅಷ್ಟೇ. ಎಂಟು ಹತ್ತು ವೋಲ್ಟ್ ವ್ಯತ್ಯಾಸ ಕಂಡರೆ ತಪ್ಪು ಮನೆಯೊಳಗಿದೆ. ಮೇನ್ ಆಫ್ ಮಾಡಿಸಿ, ಸಾಕೆಟ್ ಮತ್ತು ಬೋರ್ಡಿನ ಸ್ಕ್ರೂಗಳನ್ನೆಲ್ಲ ಬಿಚ್ಚಿ ಉಜ್ಜಿ ಬಿಗಿ ಮಾಡಿಸಿ. ಎರಡು ವೋಲ್ಟ್ ಮಾತ್ರ ಇದ್ದರೆ ತಪ್ಪು ಹೊರಗಿನ ಲೈನಿನದು. ಆಗ ಹೊತ್ತು ಮತ್ತು ರೀಡಿಂಗ್ ಎರಡನ್ನೂ ಬರೆದು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ.