ಕೋವಿ, ತೋಟಾ, ಗುರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ರೈಫಲ್ ಗುರಿಗಾರಿಕೆಯ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೋವಿಯನ್ನು ಬಿಟ್ಟು ತೋಟಾದ ಬಗ್ಗೆಯೇ ಕೇಳಿದ್ದವು. ಅವುಗಳಲ್ಲಿ ಆರನ್ನು ಆಯ್ದು ಉತ್ತರಿಸಿದ್ದೇನೆ.

ಅಮೆರಿಕದಲ್ಲಿರುವ ನನ್ನ ಭಾವಮೈದ ಜಿಂಕೆ ಬೇಟೆಗೆ ಬಳಸುವ ರೈಫಲ್ಲಿನ ತೋಟಾಗಳನ್ನು ಅಂಗಡಿಯಿಂದ ತರದೆ ತನ್ನ ಗ್ಯಾರೇಜಿನಲ್ಲೇ ಕುಳಿತು ತುಂಬಿಕೊಳ್ಳುತ್ತಾನೆ. ಹೀಗೆ ತುಂಬಿದರೆ ಗುಂಡು ಹೆಚ್ಚು ಜೋರಾಗಿ ಹೋಗುತ್ತದೆಯೇ? ನಾವು ಇಲ್ಲಿ ಹಾಗೆ ಮಾಡಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಜೋರು ಹೆಚ್ಚಿಸುವುದಕ್ಕಾಗಿ ತೋಟಾ ತುಂಬುವವನು ಈ ಕೆಲಸಕ್ಕೆ ತಕ್ಕವನಲ್ಲ, ಮತ್ತು ಅವನು ಬಹಳ ದಿನ ಈ ಕೆಲಸದಲ್ಲಿ ಉಳಿಯುವುದೂ ಇಲ್ಲ. ನಿಮ್ಮ ಭಾವಮೈದ ಹುಡುಕುತ್ತಿರುವುದು ಒಂದರಂತೆ ಇನ್ನೊಂದು ಇರುವ ಐವತ್ತು ತೋಟಾಗಳನ್ನು. ಅವು ಎಷ್ಟು ಬಲವಾಗಿವೆ ಎಂಬುದು ಅವರಿಗೆ ಎರಡನೆಯ ಮಾತು.

ರೈಫಲ್ಲಿನ ಒಂದು ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕೂತಿರುವ ಪ್ರೈಮರ್ (ನಮ್ಮ ಹಿರಿಯರ ಮಾತಿನಲ್ಲಿ ಕೇಪು), ಒಳಗಿನ ಮದ್ದು ಮತ್ತು ಬಾಯಲ್ಲಿ ಕಚ್ಚಿಕೊಂಡಿರುವ ಗುಂಡು. ಹಾರಿಸಿದ ಮೇಲೆ ಮೂರು ಭಾಗಗಳು ಮುಗಿದು ಹೋಗುತ್ತವೆ, ಕೇಸು ಮಾತ್ರ ಉಳಿಯುತ್ತದೆ, ಮತ್ತು ನಾಲ್ಕರಲ್ಲಿ ದುಬಾರಿಯಾದದ್ದೂ ಅದೇ. ಸ್ಫೋಟದ ಒತ್ತಡಕ್ಕೆ ಆ ಕೇಸು ಕೋವಿಯೊಳಗೆ ತೋಟಾ ಕೂರುವ ಕೋಣೆಯ ಆಕಾರಕ್ಕೆ ಸರಿಯಾಗಿ ಉಬ್ಬಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ತೂಗಿದ ಮದ್ದು ಸುರಿದು, ಹೊಸ ಗುಂಡನ್ನು ಗೊತ್ತುಪಡಿಸಿದ ಆಳಕ್ಕೆ ಇಳಿಸುವುದೇ ಈ ಕೆಲಸದ ಒಟ್ಟು ಸ್ವರೂಪ. ಒಂದೇ ಕೇಸನ್ನು ಹೀಗೆ ಹಲವು ಸಲ ಬಳಸುತ್ತಾರಾದರೂ ಅದಕ್ಕೂ ಆಯಸ್ಸಿದೆ. ನಾಗಮಂಗಲದ ಕಂಚು–ಹಿತ್ತಾಳೆಯ ಕೆಲಸದವರನ್ನು ಕೇಳಿದರೆ ಹೇಳುತ್ತಾರೆ, ಹಿತ್ತಾಳೆಯ ತಗಡನ್ನು ಬಡಿದಷ್ಟೂ ಅದು ಬಿರುಸಾಗುತ್ತದೆ, ನಡುವೆ ಬೆಂಕಿಗೆ ಹಿಡಿದು ಮೆದು ಮಾಡದಿದ್ದರೆ ಸೀಳುತ್ತದೆ ಎಂದು. ತೋಟಾದ ಕೇಸಿನ ಕುತ್ತಿಗೆ ಸೀಳುವುದೂ ಇದೇ ಕಾರಣಕ್ಕೆ. ಆ ಲೋಹ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು.

ಇನ್ನು ತೂಕದ ಮಾತು. ಈ ಲೋಕದಲ್ಲಿ ಮದ್ದನ್ನೂ ಗುಂಡನ್ನೂ ಅಳೆಯುವ ಮಾನ ಗ್ರಾಂ ಅಲ್ಲ, ಗ್ರೇನ್. ಒಂದು ಗ್ರಾಮಿಗೆ 15.4 ಗ್ರೇನ್. ಸಾಮಾನ್ಯ ರೈಫಲ್ ತೋಟಾ ಒಂದರಲ್ಲಿ ಮೂರು ಗ್ರಾಂ ಆಸುಪಾಸಿನ ಮದ್ದಿರುತ್ತದೆ, ಮತ್ತು ಶಿಸ್ತಿನ ಕೈ ಅದನ್ನು ಗ್ರೇನಿನ ಹತ್ತನೇ ಒಂದು ಭಾಗದವರೆಗೆ ತೂಗುತ್ತದೆ. ನಮ್ಮ ಅಕ್ಕಸಾಲಿಗರು ಚಿನ್ನ ತೂಗಲು ಇಟ್ಟುಕೊಳ್ಳುತ್ತಿದ್ದ ಗುಲಗಂಜಿ ಸುಮಾರು 0.12 ಗ್ರಾಂ ತೂಗುತ್ತದೆ. ಆ ಒಂದು ಗುಲಗಂಜಿಯನ್ನು ಹದಿನೆಂಟು ಚೂರು ಮಾಡಿದರೆ ಅದರಲ್ಲಿ ಒಂದು ಚೂರಿನಷ್ಟು ವ್ಯತ್ಯಾಸವನ್ನೂ ತೋಟಾ ತುಂಬುವವನು ಬಿಟ್ಟುಕೊಡುವುದಿಲ್ಲ ಎಂದಾಯಿತು. ತಿರುಗುವ ಫ್ಯಾನಿನ ಗಾಳಿಗೇ ಆ ತಕ್ಕಡಿಯ ಮುಳ್ಳು ಅಲ್ಲಾಡುತ್ತದೆ. ಆದ್ದರಿಂದ ಅವರು ಫ್ಯಾನು ಆರಿಸಿ, ಬೆವರುತ್ತ ಕೂರುತ್ತಾರೆ.

ಇಷ್ಟು ಸೂಕ್ಷ್ಮ ಏಕೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಗುಂಡೊಂದು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆತರೆ, 300 ಮೀಟರ್ ಕ್ರಮಿಸುವಷ್ಟರಲ್ಲಿ ಭೂಮಿಯ ಸೆಳೆತ ಅದನ್ನು ಸುಮಾರು 69 ಸೆಂಟಿಮೀಟರ್ ಕೆಳಗೆ ಇಳಿಸಿರುತ್ತದೆ. ಮದ್ದು ಕೊಂಚ ಕಡಿಮೆಯಾಗಿ ಮುಂದಿನ ಗುಂಡು 780 ಮೀಟರ್ ವೇಗದಲ್ಲಿ ಹೊರಟರೆ ಅದು ಇಳಿಯುವುದು ಸುಮಾರು 72.5 ಸೆಂಟಿಮೀಟರ್. ಅಂದರೆ ಕೈ ಅಲ್ಲಾಡದೆ, ಉಸಿರು ತಪ್ಪದೆ, ಎರಡೂ ಸಲ ಒಂದೇ ಕಡೆ ಗುರಿ ಇಟ್ಟಿದ್ದರೂ ತೂತುಗಳ ನಡುವೆ ಮೂರೂವರೆ ಸೆಂಟಿಮೀಟರ್ ಅಂತರ ಬಿದ್ದಿದೆ. ಗಾಳಿಯ ತಡೆಯನ್ನು ಸೇರಿಸಿದರೆ ಇದು ಇನ್ನೂ ಹೆಚ್ಚುತ್ತದೆ. ಅಂತರರಾಷ್ಟ್ರೀಯ 300 ಮೀಟರ್ ಸ್ಪರ್ಧೆಯ ಗುರಿಪಟದಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ ಹತ್ತು ಸೆಂಟಿಮೀಟರ್ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಈ ಅಂತರಕ್ಕೆ ಇನ್ನೊಂದು ಅರ್ಥವಿದೆ: ಗುಂಡು ಬೀಳಬೇಕಾದ ಕಡೆ ಬೀಳದಿದ್ದರೆ ಪ್ರಾಣಿ ಗಾಯಗೊಂಡು ಪೊದೆ ಸೇರಿ ನರಳಿ ಸಾಯುತ್ತದೆ, ಮತ್ತು ಮರ್ಯಾದಸ್ಥ ಬೇಟೆಗಾರ ಅದಕ್ಕಿಂತ ದೊಡ್ಡ ಅವಮಾನ ಇಲ್ಲವೆಂದು ತಿಳಿಯುತ್ತಾನೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಮಾಡುವಂತಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಎಂಬ ಪದಕ್ಕೆ ಕೊಟ್ಟಿರುವ ಅರ್ಥ ಬಹಳ ವಿಶಾಲವಾದದ್ದು. ತುಂಬಿದ ತೋಟಾ ಮಾತ್ರವಲ್ಲದೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಕೋವಿ ಇಟ್ಟುಕೊಳ್ಳುವ ಪರವಾನಗಿ ಬೇರೆ, ಮದ್ದುಗುಂಡು ತಯಾರಿಸುವ ಪರವಾನಗಿ ಬೇರೆ. ತಯಾರಿಕೆಯ ಪರವಾನಗಿ ಇಲ್ಲದೆ ತಯಾರಿಸಿದವರಿಗೆ, 2019ರ ತಿದ್ದುಪಡಿಯ ನಂತರ, ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸವಿದೆ. ಭಾವಮೈದ ಮುಂದಿನ ಸಲ ಊರಿಗೆ ಬರುವಾಗ ನೆನಪಿಗೆಂದು ನಾಲ್ಕು ಖಾಲಿ ಕೇಸು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುವುದೂ ಬೇಡ. ವಿಮಾನ ನಿಲ್ದಾಣದಲ್ಲಿ ಅದು ನೆನಪಿನ ವಸ್ತುವಾಗಿ ಉಳಿಯುವುದಿಲ್ಲ.

ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಹನ್ನೆರಡು ಬೋರಿನ ಒಂಟಿ ನಳಿಗೆ ಕೋವಿ ನಮ್ಮ ಮನೆಯಲ್ಲಿದೆ. ನಮ್ಮ ತಾತ ಹಿತ್ತಾಳೆ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬುತ್ತಿದ್ದರು. ಈಗ ನನ್ನ ಬಳಿ ಹಳೆಯ ತೋಟಾಗಳು ಒಂದು ಡಬ್ಬಿಯಷ್ಟಿವೆ. ಬಿಚ್ಚಿ ಹೊಸ ಮದ್ದು ಹಾಕಿದರೆ ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗೆ ಆಗುತ್ತದೆಯೇ?
– ರೈತರು, ಮಳವಳ್ಳಿ ತಾಲ್ಲೂಕು

ದಯವಿಟ್ಟು ಆ ಡಬ್ಬಿಯನ್ನು ಬಿಚ್ಚಬೇಡಿ.

ನಿಮ್ಮ ತಾತನವರು ತುಂಬುತ್ತಿದ್ದದ್ದು ಕರಿಮದ್ದು. ಅದನ್ನು ತೂಗುವ ಪದ್ಧತಿ ಇರಲಿಲ್ಲ. ಒಂದು ಸಣ್ಣ ಅಳತೆಯ ಬಟ್ಟಲಲ್ಲಿ ಮೊಗೆದು ಹಾಕಿ, ಮೇಲೆ ಉಣ್ಣೆಯ ಬಿಲ್ಲೆ ಒತ್ತಿ, ಚರೆ ಸುರಿದು, ರಟ್ಟು ಮುಚ್ಚಿ, ಮೇಣ ಹಚ್ಚಿದರೆ ಮುಗಿಯಿತು. ಕರಿಮದ್ದು ಸ್ವಲ್ಪ ಹೆಚ್ಚು ಕಡಿಮೆಯಾದರೂ ಕ್ಷಮಿಸುವ ಸ್ವಭಾವದ್ದು. ಈಗಿನ ಹೊಗೆರಹಿತ ಮದ್ದು ಬೇರೆಯೇ ಜಾತಿಯದು. ತಾತನವರ ಅದೇ ಬಟ್ಟಲಿನಿಂದ ಇದನ್ನು ಅಳೆದು ತುಂಬಿದರೆ ನಳಿಗೆ ಸೀಳಿ, ಕೋವಿ ಹಿಡಿದ ಎಡಗೈಯ ಬೆರಳುಗಳು ಉಳಿಯುವುದಿಲ್ಲ. ಹೊಗೆರಹಿತ ಮದ್ದಿನಲ್ಲೇ ಬೇಗ ಉರಿಯುವುದು, ನಿಧಾನವಾಗಿ ಉರಿಯುವುದು ಎಂದು ಹಲವು ಬಗೆಗಳಿದ್ದು, ಕಣ್ಣಿಗೆ ಅವು ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತವೆ. ಕಾನೂನಿನ ಮಾತು ಮೇಲಿನ ಉತ್ತರದಲ್ಲಿ ಹೇಳಿದ್ದೇ. ಮಳೆಗಾಲದ ತೇವಕ್ಕೆ ಉಬ್ಬಿದ ಹಳೆಯ ಕಾಗದದ ತೋಟಾಗಳು ನಳಿಗೆಯಲ್ಲಿ ಸಿಕ್ಕಿಕೊಳ್ಳುವುದುಂಟು, ತಳದಲ್ಲಿ ಹಸಿರು ಕಿಲುಬು ಹಿಡಿದವುಗಳನ್ನು ನಂಬುವಂತಿಲ್ಲ. ಪರವಾನಗಿ ಹೊಂದಿದ ಆಯುಧ ವ್ಯಾಪಾರಿಯ ಬಳಿ ಅಥವಾ ಪೊಲೀಸ್ ಠಾಣೆಯಲ್ಲಿ ಬರವಣಿಗೆಯ ಮೂಲಕ ಒಪ್ಪಿಸಿ, ಸ್ವೀಕೃತಿ ಪಡೆದುಕೊಳ್ಳಿ.

ಹಂದಿಯ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಅನೇಕರು ಇದರಲ್ಲಿ ಎಡವುತ್ತಾರೆ. ಬೆಳೆ ರಕ್ಷಣೆಯ ಪರವಾನಗಿ ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಕಾಡುಪ್ರಾಣಿಯನ್ನು ಕೊಲ್ಲಲು ಕೊಟ್ಟದ್ದಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾಗಿದೆ ಎಂದು ಮನಗಂಡರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ನೀಡಲು ಕಾಯ್ದೆಯ 11ನೇ ಕಲಮಿನಲ್ಲಿ ಅವಕಾಶವಿದೆ. ಆ ಕಾಗದ ಕೈಯಲ್ಲಿ ಇಲ್ಲದೆ ಕೋವಿಯ ಕುದುರೆ (ಟ್ರಿಗರ್) ಎಳೆದರೆ ಬೆಳೆಯೂ ಹೋಗಿ ಕೋವಿಯೂ ಹೋದೀತು. ಸಿಡಿಮದ್ದಿನ ಉಂಡೆ ಇಡುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಅಂಥ ಉಂಡೆ ಕಚ್ಚಿ ದವಡೆ ಒಡೆದ ಹಸುವೊಂದು ಮೇವು ಮುಂದಿದ್ದರೂ ತಿನ್ನಲಾರದೆ ನಿಂತಿದ್ದನ್ನು ನಾನು ನೋಡಿದ್ದೇನೆ.

ನಾನು ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ 50 ಮೀಟರ್ ಅಭ್ಯಾಸ ಮಾಡುವ ವಿದ್ಯಾರ್ಥಿನಿ. ಕಳೆದ ತಿಂಗಳು ಚೆನ್ನಾಗಿ ಬೀಳುತ್ತಿದ್ದ ಗುಂಡುಗಳು ಹೊಸ ಪೆಟ್ಟಿಗೆ ಒಡೆದ ಮೇಲೆ ಚದುರುತ್ತಿವೆ. ಕಂಪನಿ ಅದೇ, ರೈಫಲ್ ಅದೇ. ಖಾಲಿ ಕೇಸುಗಳನ್ನು ಮತ್ತೆ ತುಂಬಿ ಪ್ರಯೋಗ ಮಾಡಬಹುದೇ ಎಂದು ಗೆಳತಿ ಕೇಳುತ್ತಾಳೆ.
– ಸರಸ್ವತಿಪುರಂ, ಮೈಸೂರು

ಕಾನೂನನ್ನು ಬದಿಗಿಟ್ಟರೂ ಆ ಕೇಸು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಈ ತೋಟಾದಲ್ಲಿ ಪ್ರತ್ಯೇಕ ಪ್ರೈಮರ್ ಇಲ್ಲ. ಕಿಡಿ ಹತ್ತಿಸುವ ರಾಸಾಯನಿಕವನ್ನು ತಳದ ಅಂಚಿನ ಸುತ್ತಲಿನ ಟೊಳ್ಳು ಮಡಿಕೆಯೊಳಗೇ ಸವರಿರುತ್ತಾರೆ, ರೈಫಲ್ಲಿನ ಮೊಳೆ ಆ ಅಂಚನ್ನೇ ಜಜ್ಜುತ್ತದೆ. ಹಾರಿಸಿದ ಒಂದು ಕೇಸನ್ನು ತಿರುಗಿಸಿ ನೋಡಿ, ಅಂಚಿನಲ್ಲಿ ಉಗುರು ಒತ್ತಿದಂಥ ಸಣ್ಣ ತಗ್ಗು ಕಾಣುತ್ತದೆ.

ನಿಮ್ಮ ಅನುಮಾನ ಮಾತ್ರ ಸರಿಯಾಗಿದೆ. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿನ ಜೊತೆಗೆ ಲಾಟ್ ಸಂಖ್ಯೆ ಎಂದು ಒಂದು ಸಾಲು ಮುದ್ರಿಸಿರುತ್ತಾರೆ. ಒಂದೇ ಸಲದ ಮದ್ದು, ಒಂದೇ ಸಲದ ಸೀಸ, ಒಂದೇ ಯಂತ್ರದ ಹೊಂದಾಣಿಕೆಯಲ್ಲಿ ತಯಾರಾದದ್ದು ಒಂದು ಲಾಟ್. ಅದು ಬದಲಾದರೆ ನಿಮ್ಮ ನಳಿಕೆಗೆ ಅದು ಬೇರೆಯೇ ತೋಟಾ ಇದ್ದಂತೆ. ಅಮೆರಿಕದವರು ಗ್ಯಾರೇಜಿನಲ್ಲಿ ತಕ್ಕಡಿ ಇಟ್ಟುಕೊಂಡು ಸಂಪಾದಿಸುವ ಸಮಾನತೆಯನ್ನು ನಮ್ಮ ಗುರಿಗಾರರು ಲಾಟ್ ಆಯ್ಕೆಯಲ್ಲಿ ಸಂಪಾದಿಸಬೇಕು. ರೈಫಲ್ಲನ್ನು ಕೈಯಲ್ಲಿ ಹಿಡಿಯದೆ ಮರಳಚೀಲದ ಮೇಲೆ ಭದ್ರವಾಗಿ ಕೂರಿಸಿ, ಒಂದೊಂದು ಲಾಟಿನಿಂದ ಹತ್ತು ಹತ್ತು ಗುಂಡು ಹಾರಿಸಿ, ಪ್ರತಿ ಹತ್ತಕ್ಕೂ ಹೊಸ ಗುರಿಪಟ ಹಾಕಿ. ಐದು ಗುಂಡು ಸಾಲದು. ಐದರಲ್ಲಿ ಅದೃಷ್ಟವೂ ಸೇರಿಕೊಳ್ಳುತ್ತದೆ. ಗುರಿಪಟದ ಹಿಂದೆ ಲಾಟ್ ಸಂಖ್ಯೆ, ತಾರೀಖು, ಬಿಸಿಲೋ ಮೋಡವೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಇಟ್ಟುಕೊಳ್ಳಿ. ನನ್ನ ಹಳೆಯ ಟ್ರಂಕಿನಲ್ಲಿ ಇಂಥವು ನಾಲ್ಕು ಕಟ್ಟುಗಳಿವೆ. ಒಳ್ಳೆಯ ಲಾಟ್ ಸಿಕ್ಕಿದರೆ ನಿಮ್ಮ ಕೋಟಾ ಅನುಮತಿಸುವಷ್ಟನ್ನೂ ಅದರಲ್ಲೇ ತೆಗೆದುಕೊಂಡು ಸ್ಪರ್ಧೆಗೆಂದು ಮುಟ್ಟದೆ ಇಡಿ. 50 ಮೀಟರ್ ಗುರಿಪಟದ ಹತ್ತರ ವೃತ್ತ 10.4 ಮಿಲಿಮೀಟರ್ ಮಾತ್ರ, ನಮ್ಮ ಬೆರಳಿನ ಉಗುರಿನಷ್ಟು.

ಇನ್ನೊಂದು ಎಚ್ಚರಿಕೆ. ವರ್ಷಗಳ ಹಿಂದೆ ನನ್ನ ಪಕ್ಕದ ಸಾಲಿನಲ್ಲಿ ಮಲಗಿ ಹಾರಿಸುತ್ತಿದ್ದ ಎನ್‌ಸಿಸಿ ಹುಡುಗನೊಬ್ಬನ ರೈಫಲ್ ‘ಠಪ್’ ಎನ್ನುವ ಬದಲು ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ‘ಫುಸ್’ ಎಂದಿತು. ಗುರಿಪಟದಲ್ಲಿ ತೂತು ಇರಲಿಲ್ಲ. ಅವನು ಮುಂದಿನ ತೋಟಾ ಹಾಕಲು ಬೋಲ್ಟ್ ಎಳೆಯುತ್ತಿದ್ದಂತೆ ಹವಾಲ್ದಾರರು ಅವನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದರು. ಶುಚಿ ಮಾಡುವ ಕಡ್ಡಿಯನ್ನು ಮೂತಿಯಿಂದ ಇಳಿಸಿದಾಗ ಅದು ಅರ್ಧಕ್ಕೇ ನಿಂತಿತು. ಗುಂಡು ನಳಿಕೆಯಲ್ಲೇ ಕೂತಿತ್ತು. ಸದ್ದು ಬದಲಾದರೆ ಕೈ ನಿಲ್ಲಬೇಕು, ಮೂತಿ ಗುರಿಪಟದ ಕಡೆಗೇ ಇರಬೇಕು, ಕೋಚ್ ಅವರನ್ನು ಕರೆಯಬೇಕು.

ಬೇಸಿಗೆಯಲ್ಲಿ ರೈಫಲ್ಲಿನ ಗುಂಡು ಸ್ವಲ್ಪ ಮೇಲೆ ಬೀಳುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಇದು ನಿಜವೇ?
– ಮಂಡ್ಯ

ನಿಜ. ಮದ್ದು ಬಿಸಿಯಾದಷ್ಟೂ ಬೇಗ ಉರಿದು ಒತ್ತಡವನ್ನೂ ವೇಗವನ್ನೂ ಹೆಚ್ಚಿಸುತ್ತದೆ. ಬ್ರಿಟಿಷರ ಕಾಲದ ಕಾರ್ಡೈಟ್ ಮದ್ದಿನಲ್ಲಿ ಈ ಗುಣ ಎಷ್ಟು ತೀವ್ರವಾಗಿತ್ತೆಂದರೆ ಭಾರತ ಮತ್ತು ಆಫ್ರಿಕಾಕ್ಕೆ ಬರುವ ಬೇಟೆಗಾರರಿಗೆಂದೇ ಮದ್ದು ಕಡಿಮೆ ಮಾಡಿದ ತೋಟಾಗಳನ್ನು ಉಷ್ಣವಲಯದ ತೋಟಾ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ತಂಪು ದೇಶದ ತೋಟಾವನ್ನು ಇಲ್ಲಿಯ ಬಿಸಿಲಲ್ಲಿ ಹಾರಿಸಿದರೆ ಕೇಸು ಹಿಗ್ಗಿ ಕೋಣೆಯಲ್ಲೇ ಕಚ್ಚಿಕೊಳ್ಳುವ ಅಪಾಯವಿತ್ತು. ಈಗಿನ ಮದ್ದುಗಳಲ್ಲಿ ಇದು ಬಹಳ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ತೋಟಾ ಪೆಟ್ಟಿಗೆಯನ್ನು ಕಾರಿನೊಳಗೆ ಬಿಡಬೇಡಿ, ಅಭ್ಯಾಸದ ಜಾಗದಲ್ಲೂ ನೆರಳಿನಲ್ಲಿಡಿ, ಮತ್ತು ಬಿಸಿಯಾದ ನಳಿಕೆಯೊಳಗೆ ತೋಟಾ ತುಂಬಿಟ್ಟು ಹರಟೆಗೆ ನಿಲ್ಲಬೇಡಿ.

ರೈಲ್ವೆ ಜೋಡಿ ಹಳಿಗಾಗಿ ಇಡಿಯಾಗಿ ಸರಿಸಿದ ಶ್ರೀರಂಗಪಟ್ಟಣದ ಟಿಪ್ಪುವಿನ ಆಯುಧಾಗಾರದಲ್ಲಿ ಇಡುತ್ತಿದ್ದ ಮದ್ದೂ ಈಗಿನ ತೋಟಾದ ಮದ್ದೂ ಒಂದೇ ಬಗೆಯದೇ?
– ಶ್ರೀರಂಗಪಟ್ಟಣ

ಅಲ್ಲ. 2017ರಲ್ಲಿ ಸರಿಸಿದ ಆ ಕಟ್ಟಡದ ಕಾಲದ ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಮೈಸೂರಿನ ರಾಕೆಟ್ಟುಗಳ ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದದ್ದೂ ಅದೇ. ಈಗಿನ ಹೊಗೆರಹಿತ ಮದ್ದಿಗೆ ಮೂಲ ನೈಟ್ರೋಸೆಲ್ಯುಲೋಸ್, ಅಂದರೆ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯಂಥ ವಸ್ತು. ಅದನ್ನು ಕೋವಿಗೆ ಒಗ್ಗುವಂತೆ ಪಳಗಿಸಿದವರು ಫ್ರಾನ್ಸಿನ ಪೌಲ್ ವಿಯೆಲ್, 1884ರಲ್ಲಿ, ಶ್ರೀರಂಗಪಟ್ಟಣ ಬಿದ್ದು 85 ವರ್ಷಗಳಾದ ಮೇಲೆ.

ಮಗನಿಗೆ ಏರ್ ರೈಫಲ್ ಕೊಡಿಸಬೇಕೆಂದಿದ್ದೇನೆ. ಪರವಾನಗಿ ಬೇಕೇ? ಅದರ ಗುಂಡುಗಳಲ್ಲೂ ಲಾಟ್ ನೋಡಬೇಕೇ?
– ವಿಜಯನಗರ, ಮೈಸೂರು

10 ಮೀಟರ್ ಸ್ಪರ್ಧೆಯ 4.5 ಮಿಲಿಮೀಟರ್ ಏರ್ ರೈಫಲ್, ಮೂತಿಯಿಂದ ಹೊರಡುವ ಗುಂಡಿನ ಶಕ್ತಿ 20 ಜೌಲ್ ಮೀರದಿದ್ದರೆ, 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಬೇಡುವುದಿಲ್ಲ. ಬಿಲ್ ಜೋಪಾನವಾಗಿಡಿ. ಹಕ್ಕಿಗಳಿಗೆ ಗುರಿ ಇಟ್ಟರೆ ವನ್ಯಜೀವಿ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ ಎಂದು ಮಗನಿಗೆ ಮೊದಲ ದಿನವೇ ಹೇಳಿ. ಲಾಟ್ ನೋಡುವುದು ಮೊದಲ ವರ್ಷ ಅಗತ್ಯವಿಲ್ಲ. ಆದರೆ ಸೀಸದ ಆ ಪುಟ್ಟ ಗುಂಡುಗಳ ಹಿಂಬದಿಯ ತೆಳು ಅಂಚು ಡಬ್ಬಿ ಬಿದ್ದರೆ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ನೇರ ಹೋಗುವುದಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಹಾಕುವ ಅಭ್ಯಾಸ ಮಾಡಿಸಿ, ಅಭ್ಯಾಸ ಮುಗಿದ ಮೇಲೆ ತಿಂಡಿಗೆ ಕೂರುವ ಮುನ್ನ ಸೋಪು ಹಚ್ಚಿ ಕೈ ತೊಳೆಸಿ, ಏಕೆಂದರೆ ಬೆರಳಿಗೆ ಅಂಟುವ ಆ ಬೂದು ಬಣ್ಣ ಸೀಸದ್ದು.