ಮೂವತ್ತೈದು ವರ್ಷಗಳ ನಂತರ ಮತ್ತೆ ಸೈಕಲ್: ಏರಿಲ್ಲದ ದಾರಿ ಎಲ್ಲಿದೆ?

ಪ್ರಶ್ನೆ: ನನಗೆ 54 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ. ಬೆಂಗಳೂರಿಗೆ ಬಂದ ಮೇಲೆ ಮೂವತ್ತೈದು ವರ್ಷಗಳಿಂದ ಪೆಡಲ್ ತುಳಿದಿಲ್ಲ. ಮಗಳು ತನ್ನ ಗೇರ್ ಸೈಕಲ್ಲನ್ನು ಮನೆಯಲ್ಲಿ ಬಿಟ್ಟುಹೋಗಿದ್ದಾಳೆ. ವಾಹನಗಳ ನಡುವೆ ಓಡಿಸಲು ಧೈರ್ಯವಿಲ್ಲ, ಏರು ಹತ್ತಿದರೆ ಮೊಣಕಾಲು ನೋಯುತ್ತದೆ. ಮನೆಗೆ ಹತ್ತಿರವಿರುವ ಲಾಲ್‌ಬಾಗಿನಲ್ಲಿ ಓಡಿಸಬಹುದೇ? ಇಲ್ಲವಾದರೆ ಸಮತಟ್ಟಾದ ಬೇರೆ ಜಾಗ ಯಾವುದು?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಲಾಲ್‌ಬಾಗಿನೊಳಗೆ ಸೈಕಲ್ ಓಡಿಸಲು ಬಿಡುವುದಿಲ್ಲ. ಅದು ನಡೆಯುವವರ ತೋಟ. ನಿಮಗೆ ಒಪ್ಪುವ ಜಾಗ ಕಬ್ಬನ್ ಪಾರ್ಕ್, ಅದರಲ್ಲಿಯೂ ಭಾನುವಾರದ ಬೆಳಗಿನ ಕಬ್ಬನ್ ಪಾರ್ಕ್. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಸುಮಾರು 100 ಎಕರೆಯಲ್ಲಿ ರೂಪಿಸಿದ ಈ ಉದ್ಯಾನ ಈಗ 300 ಎಕರೆಯಷ್ಟು ಹರಡಿಕೊಂಡಿದೆ. 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರೂ, ಆಟೋದವರಿಗೆ ಆ ಹೆಸರು ಹೇಳಿದರೆ ಇಂದಿಗೂ ಒಂದು ಕ್ಷಣ ಯೋಚಿಸುತ್ತಾರೆ. ಒಳಗಿನ ದೊಡ್ಡ ರಸ್ತೆಗಳು ಅಗಲವಾಗಿವೆ, ಡಾಂಬರು ಕಂಡಿವೆ, ತಿರುವುಗಳು ನಿಧಾನವಾಗಿವೆ. ವಾರದ ದಿನಗಳಲ್ಲಿ ಇವೇ ರಸ್ತೆಗಳಲ್ಲಿ ಕಾರು, ಆಟೋಗಳು ಹಡ್ಸನ್ ವೃತ್ತದ ಕಡೆಯಿಂದ ಕಸ್ತೂರಬಾ ರಸ್ತೆಗೆ ನುಗ್ಗುತ್ತವೆ. ಭಾನುವಾರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ಆ ರಸ್ತೆಗಳೆಲ್ಲ ನಿಮ್ಮವೇ ಎನ್ನಬಹುದು.

ಸಮತಟ್ಟು ಎಂದು ಎಲ್ಲರೂ ಹೇಳುವ ಈ ಉದ್ಯಾನದ ಬಗ್ಗೆ ಒಂದು ಮಾತನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ನಡೆಯುವವರಿಗೆ ಗೊತ್ತೇ ಆಗದ ಇಳಿಜಾರು ಸೈಕಲ್ ತುಳಿಯುವ ಕಾಲಿಗೆ ಗೊತ್ತಾಗುತ್ತದೆ. ವಿಧಾನಸೌಧ ಮತ್ತು ಹೈಕೋರ್ಟಿನ ಅಠಾರ ಕಚೇರಿ ನಿಂತಿರುವುದು ಎತ್ತರದ ನೆಲದಲ್ಲಿ. ಅಲ್ಲಿ ಬಿದ್ದ ಮಳೆನೀರು ಹಿಂದೆ ದಕ್ಷಿಣಕ್ಕೆ ಇಳಿದು, ಈಗ ಕಂಠೀರವ ಕ್ರೀಡಾಂಗಣವಿರುವ ಸಂಪಂಗಿ ಕೆರೆಯನ್ನು ಸೇರುತ್ತಿತ್ತು. ಕೆರೆ ಹೋದರೂ ನೆಲದ ಓಟ ಹಾಗೆಯೇ ಉಳಿದಿದೆ. ಹೀಗಾಗಿ ಹೈಕೋರ್ಟಿನ ಕಡೆ ಹೋಗುವಾಗ ತುಸು ಬಿಗಿ, ಅಲ್ಲಿಂದ ಮರಳುವಾಗ ಸಲೀಸು. ಮೊದಲ ಎರಡು ಮೂರು ವಾರ ಆ ಕಡೆಗೆ ಹೋಗದೆ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಸುತ್ತಮುತ್ತಲೇ ಅಭ್ಯಾಸ ಮಾಡಿ. ಬಳಿಕ ಹಡ್ಸನ್ ವೃತ್ತದ ದ್ವಾರದಿಂದ ವಿಕ್ಟೋರಿಯಾ ರಾಣಿಯ ಪ್ರತಿಮೆಯವರೆಗೆ ಹೋಗಿಬನ್ನಿ. ಒಂದು ಕಡೆಗೆ ಸುಮಾರು ಒಂದೂವರೆ ಕಿಲೊಮೀಟರ್ ಆಗುತ್ತದೆ. ಅಷ್ಟರಲ್ಲಿ ನಿಮ್ಮ ಮೊಣಕಾಲು ಏನು ಹೇಳುತ್ತದೆ ಎನ್ನುವುದು ತಿಳಿದುಹೋಗುತ್ತದೆ.

ಮೊಣಕಾಲಿನ ವಿಷಯದಲ್ಲಿ ನನ್ನ ಅನುಮಾನ ಏರಿನ ಮೇಲಿಲ್ಲ, ಸೀಟಿನ ಮೇಲಿದೆ. ಬಹಳ ದಿನಗಳ ನಂತರ ಸೈಕಲ್ ಹತ್ತುವವರು ಎರಡೂ ಪಾದಗಳು ನೆಲಕ್ಕೆ ಪೂರ್ತಿ ಸಿಗಲೆಂದು ಸೀಟನ್ನು ತೀರಾ ಕೆಳಗಿಳಿಸುತ್ತಾರೆ. ಆಗ ಪ್ರತಿ ಸುತ್ತಿಗೂ ಮೊಣಕಾಲು ಅಗತ್ಯಕ್ಕಿಂತ ಹೆಚ್ಚು ಮಡಚಿಕೊಂಡು, ಸಪಾಟು ರಸ್ತೆಯಲ್ಲಿಯೂ ನೋವು ಬರುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿಯನ್ನು ಇಡಿ. ಕಾಲು ಆಗ ನೆಟ್ಟಗಾಗಬೇಕು. ಓಡಿಸುವಾಗ ಪಾದದ ಮುಂಭಾಗದಿಂದ ತುಳಿಯುವುದರಿಂದ ಮಂಡಿಯಲ್ಲಿ ತುಸು ಬಾಗು ತಾನಾಗಿಯೇ ಉಳಿಯುತ್ತದೆ. ಅಷ್ಟು ಎತ್ತರ ಮೊದಲ ದಿನವೇ ಭಯವಾದರೆ ಕೆಳಗಿನಿಂದ ಶುರುಮಾಡಿ, ವಾರಕ್ಕೆ ಒಂದು ಬೆರಳಿನಷ್ಟು ಏರಿಸುತ್ತ ಹೋಗಿ. ಗೇರನ್ನು ಹಗುರವಾದದ್ದರಲ್ಲಿಯೇ ಇಟ್ಟು ಕಾಲನ್ನು ಬೇಗ ಬೇಗ ಆಡಿಸುವುದು ಮಂಡಿಗೆ ಹಿತ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು ಹುಡುಗರ ಜಂಬಕ್ಕೆ ಇರಲಿ. ಇಷ್ಟಾದರೂ ನೋವು ಹೋಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಸೈಕಲ್ ಎಷ್ಟೋ ತಿಂಗಳು ನಿಂತಿರುವುದರಿಂದ ಹೊರಡುವ ಮುನ್ನ ಬ್ರೇಕ್ ನೋಡಿಸಿ, ಚೈನಿಗೆ ಎಣ್ಣೆ ಬಿಡಿಸಿ, ಗಾಳಿ ಹೊಡೆಸಿ. ಎಷ್ಟು ಗಾಳಿ ಎನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಗಾಳಿ ಕಡಿಮೆಯಿದ್ದರೆ ಸಮತಟ್ಟು ರಸ್ತೆಯೂ ಏರಿನಂತೆ ಎಳೆಯುತ್ತದೆ.

ಚೂಡಿದಾರ ತೊಡುವುದಾದರೆ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಳ್ಳಿ ಅಥವಾ ಮನೆಯಲ್ಲೇ ಬಿಟ್ಟುಬನ್ನಿ. ಹಿಂದಿನ ಚಕ್ರದ ಕಡ್ಡಿಗಳಿಗೆ ಅದರ ತುದಿ ಸಿಕ್ಕಿದರೆ ಬ್ರೇಕ್ ಹಿಡಿಯುವಷ್ಟು ಸಮಯವೂ ಸಿಗುವುದಿಲ್ಲ. ಪ್ಯಾಂಟಿನ ಬಲಗಾಲಿನ ಅಂಚು ಚೈನಿನ ಕಡೆಗಿರುವುದರಿಂದ ಅದಕ್ಕೊಂದು ರಬ್ಬರ್ ಬ್ಯಾಂಡ್ ಸಾಕು. ಇನ್ನೊಂದು ಅಪಾಯ ನೋಡಲು ಚೆಂದವಾಗಿರುತ್ತದೆ. ಹೂ ಬಿಡುವ ಕಾಲದಲ್ಲಿ ಮರಗಳ ಕೆಳಗಿನ ರಸ್ತೆಗೆ ದಳಗಳ ಹಾಸು ಬೀಳುತ್ತದೆ. ರಾತ್ರಿ ಮಳೆ ಬಂದಿದ್ದರೆ ಅದು ಸಾಬೂನು ಹಚ್ಚಿದ ನೆಲವೇ ಸರಿ. ಹಳದಿ ಹೂವಿನ ಹಾಸಿನ ಮೇಲೆ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದು, ನಾನು ಸೈಕಲ್ಲಿನೊಡನೆ ಮಲಗಿಕೊಂಡದ್ದುಂಟು. ಮೊಣಕೈ ತರಚಿತ್ತು, ನೋಡಿದ ಮಕ್ಕಳು ನಕ್ಕಿದ್ದರು. ಅಂಥ ಕಡೆ ಹ್ಯಾಂಡಲ್ ನೇರವಾಗಿಟ್ಟು, ತಿರುವಿಗೆ ಮೊದಲೇ ವೇಗ ಇಳಿಸಬೇಕು.

ಭಾನುವಾರ ರಸ್ತೆಯಲ್ಲಿ ಕಾರು ಇಲ್ಲವೆಂದರೆ ಜನ ಇಲ್ಲವೆಂದಲ್ಲ. ಸ್ಕೇಟಿಂಗ್ ಮಾಡುವ ಮಕ್ಕಳು, ಸಾಲಾಗಿ ನಡೆಯುವ ಹಿರಿಯರು, ಹಗ್ಗ ಹಿಡಿದವರಿಂದ ನಾಲ್ಕಡಿ ದೂರ ಓಡುವ ನಾಯಿಗಳು ಎಲ್ಲವೂ ಅದೇ ರಸ್ತೆಯಲ್ಲಿರುತ್ತವೆ. ಎಂಟು ಗಂಟೆಯ ನಂತರ ದಟ್ಟಣೆ ಹೆಚ್ಚುವುದರಿಂದ ಆರೂವರೆಗೇ ತಲುಪಿದರೆ ವಾಸಿ. ಹಿಂದಿನಿಂದ ಬರುವಾಗ ದೂರದಿಂದಲೇ ಒಮ್ಮೆ ಬೆಲ್ ಮಾಡಿ. ತೀರಾ ಹತ್ತಿರ ಬಂದು ಬೆಲ್ ಮಾಡಿದರೆ ನಡೆಯುತ್ತಿರುವವರು ಬೆಚ್ಚಿ ನಿಮ್ಮ ದಾರಿಗೇ ಸರಿಯುತ್ತಾರೆ.

ಪ್ರಶ್ನೆ: ಬಸವನಗುಡಿಯಿಂದ ಸೈಕಲ್ಲನ್ನು ಅಲ್ಲಿಯವರೆಗೆ ಸಾಗಿಸುವುದು ಹೇಗೆ? ಮೆಟ್ರೋದಲ್ಲಿ ಬಿಡುತ್ತಾರೆಯೇ?
– ಅದೇ ಓದುಗರು

ಉತ್ತರ: ನಮ್ಮ ಮೆಟ್ರೋದಲ್ಲಿ ಮಡಚುವ ಸೈಕಲ್ಲಿಗೆ ಮಾತ್ರ ಅವಕಾಶವಿದೆ, ಸಾಮಾನ್ಯ ಸೈಕಲ್ಲಿಗಿಲ್ಲ. ಮಿನರ್ವ ವೃತ್ತ, ಟೌನ್‌ಹಾಲ್ ದಾಟಿ ತುಳಿದುಕೊಂಡು ಹೋಗುವ ದಾರಿಯನ್ನು ಸದ್ಯಕ್ಕೆ ಮರೆತುಬಿಡಿ. ಮನೆಯಲ್ಲಿ ಕಾರಿದ್ದರೆ ಹಿಂದಿನ ಸೀಟು ಮಡಚಿ, ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿದರೆ ಸಾಕು, ಸಾಮಾನ್ಯವಾಗಿ ಹಿಡಿಸುತ್ತದೆ. ಮಲಗಿಸುವಾಗ ಗೇರ್ ಇರುವ ಬಲಬದಿ ಮೇಲಕ್ಕಿರಲಿ. ಅದು ಕೆಳಗಾದರೆ ಹಿಂದಿನ ಗೇರಿನ ಕೊಂಡಿ ಬಾಗಿ, ಪಾರ್ಕಿಗೆ ಹೋದ ಮೇಲೆ ಚೈನು ಜಾರುತ್ತಲೇ ಇರುತ್ತದೆ.