ಪ್ರತಿಕ್ರಿಯೆ: ಹೋಮ್‌ಸ್ಟಕ್ ವಿಶ್ಲೇಷಣೆಯನ್ನು ಯಾವ ಕ್ರಮದಲ್ಲಿ ಹೇಳಬೇಕು?

ನಮಸ್ಕಾರ. ಹೋಮ್‌ಸ್ಟಕ್ ಎಂಬ ವೆಬ್‌ಕಾಮಿಕ್‌ನ (ಅಂತರ್ಜಾಲದಲ್ಲಿ ಪ್ರಕಟವಾದ ಚಿತ್ರಕಥೆಯ) ಕಥಾಲೋಕವನ್ನು ವಿವರಿಸುವ ವಿಡಿಯೊಗಳಲ್ಲಿ ಘಟನೆಗಳನ್ನು ನಡೆದ ಕಾಲದ ಕ್ರಮದಲ್ಲಿ ಹೇಳಬೇಕೇ, ಪುಟಗಳ ಕ್ರಮದಲ್ಲಿ ಹೇಳಬೇಕೇ ಎಂದು ಕೇಳಿದ್ದೀರಿ. ಪುಟಗಳ ಕ್ರಮವನ್ನೇ ಹಿಡಿಯಿರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

2009ರ ಏಪ್ರಿಲ್ 13ರಂದು ಆರಂಭವಾಗಿ 2016ರ ಅದೇ ದಿನ ಮುಗಿದ ಈ ಕೃತಿಯಲ್ಲಿ ಪರಿಣಾಮ ಮೊದಲು ಕಾಣಿಸಿಕೊಂಡು, ಕಾರಣ ಎಷ್ಟೋ ಪುಟಗಳ ನಂತರ ತಿಳಿಯುತ್ತದೆ. ಉದಾಹರಣೆಗೆ, ಟ್ರೋಲ್‌ಗಳು (ಕಥೆಯಲ್ಲಿ ಬರುವ, ಬೇರೆ ಬೇರೆ ಬಣ್ಣದ ರಕ್ತವುಳ್ಳ ಅನ್ಯಗ್ರಹ ಜೀವಿಗಳು) ಚಾಟ್‌ನಲ್ಲಿ ಸಾಮಾನ್ಯವಾಗಿ ತಮ್ಮ ರಕ್ತದ ಬಣ್ಣದಲ್ಲೇ ಬರೆಯುತ್ತಾರೆ; ಆದರೆ ಅವರಲ್ಲೊಬ್ಬನಾದ ಕರ್ಕಟ್‌ನ ಅಕ್ಷರಗಳು ಮಾತ್ರ ಬೂದು ಬಣ್ಣದವು. ಮೊದಲ ಓದಿನಲ್ಲಿ ಅದು ಬರಿಯ ಅಲಂಕಾರವೆನಿಸುತ್ತದೆ. ಅವನು ತನ್ನ ರಕ್ತದ ಬಣ್ಣವನ್ನು ಮುಚ್ಚಿಡುತ್ತಿದ್ದಾನೆಂದು ತಿಳಿದ ಮೇಲೆ ಹಳೆಯ ಸಂಭಾಷಣೆಗಳ ಅರ್ಥವೇ ಬದಲಾಗುತ್ತದೆ. ನೀವು ಕಾಲಾನುಕ್ರಮದಲ್ಲಿ ಹೇಳಹೊರಟರೆ ಈ ಸುಳಿವು ಸುಳಿವಾಗಿ ಉಳಿಯುವುದೇ ಇಲ್ಲ. ಆದ್ದರಿಂದ ಇಡೀ ಕಥೆಯನ್ನು ಒಂದೇ ವಿಡಿಯೊದಲ್ಲಿ ತುಂಬದೆ, ಇಂತಹ ಒಂದೊಂದೇ ಪ್ರಶ್ನೆಯನ್ನು ಎತ್ತಿಕೊಂಡು, ಆಯಾ ಸಂಭಾಷಣೆಯನ್ನು ಅದರ ಮೂಲ ಬಣ್ಣದಲ್ಲೇ ಪರದೆಯ ಮೇಲೆ ತೋರಿಸಿ. ಡಾಕ್ ಸ್ಕ್ರ್ಯಾಚ್ ಎಂಬ ಪಾತ್ರದ ಬಿಳಿ ಅಕ್ಷರಗಳು ತಿಳಿ ಹಿನ್ನೆಲೆಯಲ್ಲಿ ಕಾಣುವುದು ಕಷ್ಟವಾದ್ದರಿಂದ ಅಲ್ಲಿ ಮಾತ್ರ ಪಠ್ಯವನ್ನು ಸೆಲೆಕ್ಟ್ ಮಾಡಿ ತೋರಿಸಬೇಕಾಗುತ್ತದೆ.

ಪುಟಸಂಖ್ಯೆಯನ್ನು ಕೊಡುವಾಗ ಎಚ್ಚರ ವಹಿಸಿ: ಹಳೆಯ ತಾಣದಲ್ಲಿ ಲೇಖಕರ ಹಿಂದಿನ ಕೃತಿಗಳೂ ಒಂದೇ ಎಣಿಕೆಯಲ್ಲಿ ಸೇರಿದ್ದರಿಂದ ಹೋಮ್‌ಸ್ಟಕ್‌ನ ಮೊದಲ ಪುಟ 1901 ಆಗಿತ್ತು, ನಂತರದ ತಾಣದಲ್ಲಿ ಅದೇ ಪುಟ 1 ಆಯಿತು. ಯಾವ ಎಣಿಕೆಯನ್ನು ಅನುಸರಿಸುತ್ತಿದ್ದೀರೆಂದು ವಿಡಿಯೊದ ವಿವರಣೆಯಲ್ಲೇ ಬರೆದುಬಿಡಿ.